ಪ್ರಿಂಟರ್‌ಗೆ ಹಾಕಿದ ಮೆಮೊರಿ ನಿಜವಾಗಿ ಕೆಲಸ ಮಾಡ್ತಿದೆಯಾ? ಹಂತ ಹಂತವಾಗಿ ನೋಡುವ ಬಗೆ

ಮೇ ಕೊನೆ ಬಂತೆಂದರೆ ಹಾಸನದ ನಮ್ಮಂಥ ಡಿಟಿಪಿ ಅಂಗಡಿಗಳಲ್ಲಿ ಟೀ ಕುಡಿಯಲೂ ಪುರುಸೊತ್ತಿರುವುದಿಲ್ಲ. ಒಂದು ಕಡೆ ಇಂಜಿನಿಯರಿಂಗ್ ಮಕ್ಕಳ ಪ್ರಾಜೆಕ್ಟ್ ರಿಪೋರ್ಟು, ಇನ್ನೊಂದು ಕಡೆ ಶಾಲೆ ಅಡ್ಮಿಷನ್ ಫಾರಂ. ಅಂಥ ಒಂದು ಸಂಜೆ ಒಬ್ಬ ಹುಡುಗ ಪೆನ್‌ಡ್ರೈವ್ ಕೊಟ್ಟ. 84 ಪುಟ, ಐದು ಕಾಪಿ, ಆಮೇಲೆ ಅವನು ಅರಸೀಕೆರೆ ಬಸ್ಸು ಹಿಡಿಯಬೇಕು. 31ನೇ ಪುಟದಲ್ಲಿ ಒಂದು ದೊಡ್ಡ ಸರ್ಕ್ಯೂಟ್ ಚಿತ್ರ ಇತ್ತು. ಆ ಪುಟ ಅರ್ಧ ಒಂದು ಹಾಳೆಯಲ್ಲಿ ಬಂತು, ಉಳಿದರ್ಧ ಖಾಲಿ. ಮತ್ತೆ ಕೊಟ್ಟೆ. ಮತ್ತೆ ಅದೇ ಕಥೆ.

ನನಗೆ ತಲೆ ಕೆಟ್ಟಿತು. ಮೂರು ತಿಂಗಳ ಹಿಂದೆಯಷ್ಟೇ ಆ ಪ್ರಿಂಟರ್‌ಗೆ 128 ಎಂಬಿ ಕಾರ್ಡ್ ಹಾಕಿದ್ದೆ. ಬಂದವರಿಗೆಲ್ಲ ಹೇಳಿಕೊಂಡೂ ಇದ್ದೆ.

"ಅಣ್ಣಾ, ಪ್ರಿಂಟರ್ ಎಷ್ಟು ಮೆಮೊರಿ ತೋರಿಸ್ತಿದೆ, ನೋಡಿದ್ರಾ?" ಅಂತ ಹುಡುಗ ಕೇಳಿದ.

ನೋಡಿರಲಿಲ್ಲ. ಕಾನ್ಫಿಗರೇಶನ್ ಪೇಜ್, ಅಂದರೆ ಪ್ರಿಂಟರ್ ತನ್ನ ವಿವರವನ್ನು ತಾನೇ ಅಚ್ಚು ಹಾಕಿಕೊಡುವ ಪುಟ, ತೆಗೆದರೆ ಅದರಲ್ಲಿ 16 ಎಂಬಿ ಅಂತ ಇತ್ತು. ಪಕ್ಕದ ಮುಚ್ಚಳ ಬಿಚ್ಚಿದೆ. ಕಾರ್ಡಿನ ಒಂದು ತುದಿಯ ಲಾಕ್ ಬಿದ್ದಿದೆ, ಇನ್ನೊಂದು ತುದಿ ಒಂದು ಕೂದಲೆಳೆಯಷ್ಟು ಮೇಲೆದ್ದು ನಿಂತಿದೆ. ಮೂರು ತಿಂಗಳು ಆ ಕಾರ್ಡ್ ಸುಮ್ನೆ ಒಳಗೆ ಕೂತಿತ್ತು, ಅಷ್ಟೆ. ಪ್ರಿಂಟರ್ ಒಂದು ಮಾತೂ ಹೇಳಲಿಲ್ಲ. ತಪ್ಪು ನನ್ನದೇ, ಕೇಳಲೇ ಇಲ್ವಲ್ಲ.

ಅವತ್ತಿನಿಂದ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಮೊದಲು ಪ್ರಿಂಟರ್‌ನ್ನೇ ಕೇಳಬೇಕು. ಆಮೇಲೆ ಕಂಪ್ಯೂಟರ್‌ಗೆ ಹೇಳಬೇಕು. ಕೊನೆಗೆ ಭಾರದ ಕೆಲಸ ಕೊಟ್ಟು ನೋಡಬೇಕು. ಈ ಮೂರರಲ್ಲಿ ಒಂದನ್ನು ಬಿಟ್ಟರೂ ನನ್ನ ಹಾಗೆ ಮೋಸ ಹೋಗಬಹುದು.

ಕಾರ್ಡ್ ಕೊಳ್ಳೋ ಮೊದಲು: ನಿಮ್ಮ ಪ್ರಿಂಟರ್‌ಗೆ ಮೆಮೊರಿ ಹಾಕಕ್ಕೆ ಆಗುತ್ತಾ?

ನಮ್ಮ ಕಡೆಯ ಅಂಗಡಿಗಳಲ್ಲಿ ಜಾಸ್ತಿ ಕಾಣುವುದು ಕ್ಯಾನನ್ ಎಲ್‌ಬಿಪಿ2900, ಎಚ್‌ಪಿ ಲೇಸರ್‌ಜೆಟ್ 1020. ಎರಡೂ ಗಟ್ಟಿ ಕುಳಗಳು, ವರ್ಷಗಟ್ಟಲೆ ದುಡಿಯುತ್ತವೆ. ಆದರೆ ಎರಡರಲ್ಲೂ ಇರುವುದು ಬರೀ 2 ಎಂಬಿ ಮೆಮೊರಿ, ಕಾರ್ಡ್ ಹಾಕಲು ಜಾಗವೇ ಇಲ್ಲ. ಇವು ಪುಟದ ಚಿತ್ರವನ್ನು ತಾವೇ ತಯಾರು ಮಾಡುವುದಿಲ್ಲ. ಆ ಕೆಲಸವೆಲ್ಲ ಕಂಪ್ಯೂಟರ್‌ದು. ಅದು ಸಿದ್ಧ ಮಾಡಿ ಕಳಿಸಿದ್ದನ್ನು ಪ್ರಿಂಟರ್ ಹಾಳೆ ಮೇಲೆ ಹಾಕುತ್ತದೆ. ಇಂಥ ಪ್ರಿಂಟರ್ ನಿಧಾನ ಆಯಿತು ಅನ್ನಿಸಿದರೆ ಕಂಪ್ಯೂಟರ್‌ನ ರ್ಯಾಮ್ ನೋಡಿ. ಯಾರಾದರೂ "ಇದಕ್ಕೆ ಮೆಮೊರಿ ಹಾಕಿಕೊಡ್ತೀನಿ" ಅಂದರೆ ನಮಸ್ಕಾರ ಹೇಳಿ ಕಳಿಸಿ.

ಮೆಮೊರಿ ಹಾಕಲು ಆಗುವ ಹಳೆಯ ಪ್ರಿಂಟರ್‌ಗಳೂ ಬೇಕಾದಷ್ಟಿವೆ. ಸೆಕೆಂಡ್ ಹ್ಯಾಂಡ್ ಬಜಾರಿನಲ್ಲಿ ಈಗಲೂ ಸಿಗುತ್ತವೆ. ಎಚ್‌ಪಿ ಲೇಸರ್‌ಜೆಟ್ 1320ರಲ್ಲಿ ಬೋರ್ಡಿನ ಮೇಲೇ 16 ಎಂಬಿ ಇರುತ್ತದೆ, ಸ್ಲಾಟಿಗೆ 128 ಎಂಬಿ ಹಾಕಿದರೆ ಒಟ್ಟು 144. ಪಿ2015ರಲ್ಲಿ 32 ಇರುತ್ತದೆ, 256ರ ಕಾರ್ಡ್ ಸೇರಿದರೆ 288. ಬ್ರದರ್ ಎಚ್‌ಎಲ್-5250ಡಿಎನ್‌ನಲ್ಲೂ 32 ಇರುತ್ತದೆ, 512 ಸೇರಿಸಿ 544ರವರೆಗೆ ಹೋಗಬಹುದು. ಈ ಕೂಡುವ ಲೆಕ್ಕ ನೆನಪಿನಲ್ಲಿರಲಿ, ಮುಂದೆ ಇದರ ಮೇಲೇ ಎಲ್ಲ ನಿಂತಿದೆ.

ಇನ್ನೊಂದು ಮಾತು. ಕಂಪ್ಯೂಟರ್‌ನಿಂದ ಬಿಚ್ಚಿದ ಹಳೆ ರ್ಯಾಮ್ ಇದೆ, ಅದನ್ನೇ ಹಾಕೋಣ ಅಂತ ಬಹಳ ಜನ ಬರುತ್ತಾರೆ. 1320ಕ್ಕೆ ಬೇಕಾದ್ದು 100 ಪಿನ್ನಿನ ಕಾರ್ಡ್. ಪಿ2015ಕ್ಕೆ 144 ಪಿನ್. ಡಿಡಿಆರ್2 ಡೆಸ್ಕ್‌ಟಾಪ್ ರ್ಯಾಮಿಗೆ 240 ಪಿನ್ ಇರುತ್ತದೆ, ಲ್ಯಾಪ್‌ಟಾಪಿನದಕ್ಕೆ 200. ಒತ್ತಿ ಒತ್ತಿ ಕೂರಿಸಲು ಹೋಗಿ ಸ್ಲಾಟ್ ಮುರಿದುಕೊಂಡವರನ್ನು ನೋಡಿದ್ದೇನೆ.

ಒಂದು ಪುಟಕ್ಕೆ ಎಷ್ಟು ಮೆಮೊರಿ ಬೇಕು?

ಇದನ್ನು ತಿಳಿದುಕೊಂಡರೆ ಟೆಸ್ಟ್ ಮಾಡುವಾಗ ಕಣ್ಣು ಕಟ್ಟಿದ ಹಾಗೆ ಆಗುವುದಿಲ್ಲ. ಎ4 ಹಾಳೆಯನ್ನು 600 ಡಿಪಿಐಗೆ, ಅಂದರೆ ಇಂಚಿಗೆ 600ರಂತೆ, ಚುಕ್ಕಿಗಳಾಗಿ ಒಡೆದರೆ ಅಡ್ಡಕ್ಕೆ ಸುಮಾರು 4,960, ಉದ್ದಕ್ಕೆ 7,016. ಕಪ್ಪು-ಬಿಳುಪಿನಲ್ಲಿ ಒಂದು ಚುಕ್ಕಿಗೆ ಒಂದು ಬಿಟ್. ಗುಣಿಸಿ ಎಂಟರಿಂದ ಭಾಗಿಸಿದರೆ ಸುಮಾರು 4.35 ಎಂಬಿ. ಅದೇ ಪುಟ 1200 ಡಿಪಿಐಗೆ ಹೋದರೆ ನಾಲ್ಕು ಪಟ್ಟು, ಅಂದರೆ 17.4 ಎಂಬಿ. ಎ3 ಆದರೆ ಇದರ ಎರಡರಷ್ಟು. ಕಲರ್ ಲೇಸರ್ ಆದರೆ ನಾಲ್ಕು ಬಣ್ಣಕ್ಕೆ ನಾಲ್ಕು ಪುಟ ಅಂತ ಲೆಕ್ಕ ಹಿಡಿಯಿರಿ.

16 ಎಂಬಿ ಪ್ರಿಂಟರ್‌ನಲ್ಲಿ 1200ರ ಪುಟ ಹಾಗೇ ಇಟ್ಟರೆ ಹಿಡಿಸುವುದೇ ಇಲ್ಲ. ಅದೇ ಮೆಮೊರಿಯಲ್ಲಿ ಫಾಂಟ್ ಇರಬೇಕು, ಬರುತ್ತಿರುವ ಮುಂದಿನ ಪುಟಕ್ಕೂ ಜಾಗ ಬೇಕು. ಆದ್ದರಿಂದ ಪ್ರಿಂಟರ್ ಪುಟವನ್ನು ಹಿಂಡಿ ಸಣ್ಣದು ಮಾಡಿ ಇಟ್ಟುಕೊಳ್ಳುತ್ತದೆ. ಬರೀ ಅಕ್ಷರ ಇರುವ ಪುಟ ಚೆನ್ನಾಗಿ ಹಿಂಡಿಕೊಳ್ಳುತ್ತದೆ, ಫೋಟೋ ತುಂಬಿದ ಪುಟ ಅಷ್ಟಾಗಿ ಹಿಂಡಿಕೊಳ್ಳುವುದಿಲ್ಲ. ನಮ್ಮ ಹುಡುಗನ 31ನೇ ಪುಟ ಕೈ ಕೊಟ್ಟಿದ್ದು ಇಲ್ಲೇ. ಅದರ ಹಿಂದಿನ 30 ಪುಟ ಸಲೀಸಾಗಿ ಬಂದಿದ್ದವು, ಅವೆಲ್ಲ ಬರೀ ಬರಹ.

ಹಂತ 1: ಹಾಕೋ ಮೊದಲೇ ಒಂದು ಪುಟ ತೆಗೆದಿಡಿ

ಕಾರ್ಡ್ ಕೈಯಲ್ಲಿದ್ದರೆ ಮನಸ್ಸು ತಡೆಯುವುದಿಲ್ಲ, ಗೊತ್ತು. ಆದರೂ ಎರಡು ನಿಮಿಷ ನಿಲ್ಲಿ. ಈಗ ಎಷ್ಟು ಮೆಮೊರಿ ಇದೆ ಅಂತ ಕಾಗದದ ಮೇಲೆ ಬರಲಿ. ಆ ಪುಟಕ್ಕೆ ಎಚ್‌ಪಿಯವರು ಕಾನ್ಫಿಗರೇಶನ್ ಪೇಜ್ ಅಂತಾರೆ, ಬ್ರದರ್‌ನವರು ಪ್ರಿಂಟರ್ ಸೆಟ್ಟಿಂಗ್ಸ್ ಪೇಜ್ ಅಂತಾರೆ, ಕ್ಯೋಸೆರಾದಲ್ಲಿ ಸ್ಟೇಟಸ್ ಪೇಜ್.

1320, ಪಿ2015 ತರಹ ಡಿಸ್‌ಪ್ಲೇ ಇಲ್ಲದ ಪ್ರಿಂಟರ್ ಆದರೆ, ರೆಡಿ ಲೈಟು ಹತ್ತಿರುವಾಗ ಗೋ ಬಟನ್ ಒತ್ತಿ ಐದು ಸೆಕೆಂಡ್ ಹಿಡಿದು ಬಿಡಿ. ಸುಮ್ನೆ ಒತ್ತಿ ಬಿಟ್ಟರೆ ಡೆಮೊ ಪುಟ ಬರುತ್ತದೆ, ಅದು ನಮಗೆ ಬೇಡ. ಬ್ರದರ್ 5250ರಲ್ಲಿ ಗೋ ಬಟನ್ ಬೇಗಬೇಗ ಮೂರು ಸಲ ಒತ್ತಬೇಕು. ಲೇಸರ್‌ಜೆಟ್ 4250 ತರಹ ಡಿಸ್‌ಪ್ಲೇ ಇದ್ದರೆ ಮೆನು, ಇನ್ಫರ್ಮೇಶನ್, ಪ್ರಿಂಟ್ ಕಾನ್ಫಿಗರೇಶನ್. ನೆಟ್‌ವರ್ಕ್ ಪ್ರಿಂಟರ್ ಆದರೆ ಬ್ರೌಸರಿನಲ್ಲಿ ಅದರ ಐಪಿ ವಿಳಾಸ ಹೊಡೆದೂ ನೋಡಬಹುದು. ಆದರೂ ಕಾಗದದ ಮೇಲೆ ಇರಲಿ ಅನ್ನೋನು ನಾನು.

ಆ ಪುಟದ ಮೇಲೆ ಪೆನ್ನಿನಲ್ಲಿ ಇವತ್ತಿನ ತಾರೀಖು, "ಮೊದಲು" ಅಂತ ಬರೆಯಿರಿ. ಹಾಗೇ ನಿಮಗೆ ಕಾಟ ಕೊಟ್ಟ ಫೈಲನ್ನೂ ಒಂದು ಸಲ ಪ್ರಿಂಟ್ ಕೊಟ್ಟು, ಎಷ್ಟು ಹೊತ್ತಾಯಿತು, ಎಲ್ಲಿ ನಿಂತಿತು ಅಂತ ಗುರುತು ಹಾಕಿಕೊಳ್ಳಿ. ಇದಿಲ್ಲದಿದ್ದರೆ ಆಮೇಲೆ "ಸ್ವಲ್ಪ ಫಾಸ್ಟ್ ಆದಂಗಿದೆ ಅಲ್ವಾ?" ಅಂತ ನಮಗೆ ನಾವೇ ಸಮಾಧಾನ ಹೇಳಿಕೊಳ್ಳಬೇಕಾಗುತ್ತದೆ.

ಹಂತ 2: ಕೂರಿಸುವುದು

ಪ್ರಿಂಟರ್ ಆಫ್ ಮಾಡಿ, ಪವರ್ ಕೇಬಲನ್ನೂ ಯುಎಸ್‌ಬಿ ಕೇಬಲನ್ನೂ ಎಳೆಯಿರಿ. ಸ್ವಿಚ್ ಮಾತ್ರ ಆಫ್ ಮಾಡಿದರೆ ಸಾಲದು. ಮುಚ್ಚಳ ತೆಗೆದ ಮೇಲೆ ಒಳಗಿನ ಬರೀ ಲೋಹದ ಭಾಗವನ್ನು ಒಮ್ಮೆ ಮುಟ್ಟಿ. ಮೈಯಲ್ಲಿರುವ ಸ್ಟ್ಯಾಟಿಕ್ ಚಿಪ್ಪಿಗೆ ಹೊಡೆಯುವುದು ಬೇಡ. ಮಳೆಗಾಲದಲ್ಲಿ ನಮ್ಮ ಮಲೆನಾಡ ಸೀಮೆಯಲ್ಲಿ ಈ ಕಾಟ ಕಮ್ಮಿ. ಫೆಬ್ರವರಿ, ಮಾರ್ಚಿನ ಒಣ ಹವೆಯಲ್ಲಿ ಪಾಲಿಯೆಸ್ಟರ್ ಶರ್ಟ್ ಹಾಕಿಕೊಂಡು ಈ ಕೆಲಸಕ್ಕೆ ಕೂರಬೇಡಿ.

ಕಾರ್ಡನ್ನು ಅಂಚಿನಲ್ಲಿ ಹಿಡಿಯಿರಿ, ಚಿನ್ನದ ಬಣ್ಣದ ಪಟ್ಟಿಗಳಿಗೆ ಬೆರಳು ತಾಗಬಾರದು. ಕೆಳಗಂಚಿನಲ್ಲಿ ಒಂದು ಕಚ್ಚು ಇರುತ್ತದೆ, ಸ್ಲಾಟಿನಲ್ಲಿ ಅದಕ್ಕೆ ಸರಿಯಾಗಿ ಒಂದು ಉಬ್ಬು. ಎರಡೂ ಎದುರುಬದುರು ಬಂದರೆ ಮಾತ್ರ ಕಾರ್ಡ್ ಇಳಿಯುತ್ತದೆ. ಎರಡು ಹೆಬ್ಬೆರಳಿಟ್ಟು ಎರಡೂ ತುದಿ ಒಟ್ಟಿಗೆ, ಸಮನಾಗಿ ಒತ್ತಿ. ಲಾಕುಗಳು ತಾವಾಗಿಯೇ ಮೇಲೆದ್ದು "ಟಕ್" ಅನ್ನಬೇಕು. ಎರಡು ಸಲ ಟಕ್ ಕೇಳಬೇಕು. ನನಗೆ ಅವತ್ತು ಒಂದೇ ಸಲ ಕೇಳಿತ್ತು, ಅಂಗಡಿ ಮುಂದೆ ಹೋಗುತ್ತಿದ್ದ ಬಸ್ಸಿನ ಹಾರನ್ನಿನಲ್ಲಿ ಇನ್ನೊಂದು ಮುಚ್ಚಿಹೋಯಿತು ಅಂದುಕೊಂಡೆ. ಈಗ ಕಿವಿಯನ್ನು ನಂಬುವುದಿಲ್ಲ. ಮೊಬೈಲ್ ಟಾರ್ಚ್ ಹಾಕಿ, ಕಾರ್ಡಿನ ಮೇಲಂಚು ಸ್ಲಾಟಿಗೆ ಸಮಾನಾಂತರ ಇದೆಯಾ ಅಂತ ಕಣ್ಣಳತೆಯಲ್ಲಿ ನೋಡುತ್ತೇನೆ.

ಬ್ರದರ್ 5250ರಲ್ಲಿ ಲ್ಯಾಪ್‌ಟಾಪಿನ ಹಾಗೆ ಓರೆಯಾಗಿ ತೂರಿಸಿ, ಆಮೇಲೆ ಕೆಳಕ್ಕೆ ಬಾಗಿಸಿ ಕೂರಿಸಬೇಕು.

ಹಂತ 3: ಪ್ರಿಂಟರ್‌ನ್ನೇ ಕೇಳಿ

ಈ ಗೈಡಿನಲ್ಲಿ ಒಂದೇ ಒಂದು ಹಂತ ಮಾಡುತ್ತೇನೆ ಅನ್ನೋರು ಇದನ್ನು ಮಾಡಿ.

ಕರೆಂಟು ಕೊಟ್ಟು ಆನ್ ಮಾಡಿ, ರೆಡಿ ಲೈಟು ಬರುವವರೆಗೆ ಕಾಯಿರಿ. ಶುರುವಾಗುವಾಗ ಪ್ರಿಂಟರ್ ತನ್ನ ಮೆಮೊರಿಯನ್ನು ತಾನೇ ನೋಡಿಕೊಳ್ಳುತ್ತದೆ. ಡಿಸ್‌ಪ್ಲೇ ಇರುವ ಎಚ್‌ಪಿ ಪ್ರಿಂಟರ್‌ಗಳಲ್ಲಿ ಕಾರ್ಡ್ ಹಿಡಿಸದಿದ್ದರೆ 53ರಿಂದ ಶುರುವಾಗುವ ನಂಬರು ಬರಬಹುದು, ಅದು ಸ್ಲಾಟಿನಲ್ಲಿರುವ ಕಾರ್ಡಿನ ತಕರಾರು. ಡಿಸ್‌ಪ್ಲೇ ಇಲ್ಲದಿದ್ದರೆ ಲೈಟುಗಳು ಎಂದಿನ ಹಾಗೆ ನಿಲ್ಲದೆ ಮಿಣುಕುತ್ತಲೇ ಇರಬಹುದು. ಏನೂ ಗಲಾಟೆ ಇಲ್ಲದೆ ರೆಡಿ ಆಯಿತು ಅಂತ ಖುಷಿಪಡಬೇಡಿ. ನನ್ನ ಪ್ರಿಂಟರೂ ಗಲಾಟೆ ಇಲ್ಲದೆ ರೆಡಿ ಆಗಿತ್ತು. ಕಾರ್ಡ್ ಪೂರ್ತಿ ತಾಗದೇ ಇದ್ದರೆ ಅದಕ್ಕೆ ಕಾರ್ಡ್ ಇರುವುದೇ ಗೊತ್ತಾಗುವುದಿಲ್ಲ, ಮತ್ತೆ ತಕರಾರು ಎಲ್ಲಿಂದ ಬರಬೇಕು?

ಈಗ ಮತ್ತೆ ಕಾನ್ಫಿಗರೇಶನ್ ಪೇಜ್ ತೆಗೆಯಿರಿ. ಹಳೆಯದರ ಪಕ್ಕ ಇಟ್ಟು ಮೆಮೊರಿ ಸಾಲನ್ನು ಓದಿ. ಟೋಟಲ್ ರ್ಯಾಮ್ ಅಂತ ಒಂದು ಅಂಕಿ ಇರುತ್ತದೆ. ಕೆಲವು ಎಚ್‌ಪಿ ಮಾಡೆಲ್‌ಗಳಲ್ಲಿ ಅದರ ಕೆಳಗೆ ಡಿಡಬ್ಲ್ಯೂಎಸ್ ಅಂತ ಇನ್ನೊಂದು ಅಂಕಿ ಇರುತ್ತದೆ. ಅದು ಡ್ರೈವರ್ (ಕಂಪ್ಯೂಟರ್‌ನಿಂದ ಪ್ರಿಂಟರ್ ನಡೆಸುವ ಸಾಫ್ಟ್‌ವೇರ್) ಬಳಸಬಹುದಾದ ಜಾಗ. ಅದು ಟೋಟಲ್‌ಗಿಂತ ಕಮ್ಮಿಯೇ ಇರುತ್ತದೆ, "ಮೆಮೊರಿ ತಿಂದುಬಿಟ್ಟಿದೆ" ಅಂತ ಗಾಬರಿಯಾಗಬೇಡಿ.

ಅಂಕಿ ಏನು ಹೇಳುತ್ತದೆ ನೋಡಿ. 1320ರಲ್ಲಿ 128ರ ಕಾರ್ಡ್ ಹಾಕಿ 144 ಬಂದರೆ ಸರಿ. 16 ಬಂದರೆ ಕಾರ್ಡ್ ಕಂಡೇ ಇಲ್ಲ: ಆಫ್ ಮಾಡಿ, ಕೇಬಲ್ ಎಳೆದು, ಕಾರ್ಡ್ ಬಿಚ್ಚಿ ಮತ್ತೆ ಕೂರಿಸಿ. ಪಟ್ಟಿಗಳು ಮಂಕಾಗಿದ್ದರೆ ಪೆನ್ಸಿಲ್ ರಬ್ಬರಿನಲ್ಲಿ ಹಗುರವಾಗಿ ಉಜ್ಜಿ, ಪುಡಿಯನ್ನು ಪ್ರಿಂಟರ್‌ನಿಂದ ದೂರ ಹೋಗಿ ಒರೆಸಿ. ಸೆಕೆಂಡ್ ಹ್ಯಾಂಡ್ ಕಾರ್ಡುಗಳಲ್ಲಿ ಅರ್ಧ ತಕರಾರು ಇಷ್ಟಕ್ಕೇ ಹೋಗುತ್ತದೆ. 80 ಬಂದರೆ ನಿಮಗೆ ಕೊಟ್ಟಿರುವುದು 64ರ ಕಾರ್ಡ್. ಸ್ಟಿಕ್ಕರಿನಲ್ಲಿ 128 ಅಂತಿದ್ದರೂ ಪ್ರಿಂಟರ್ ಮಾತೇ ಕೊನೆ. ಆ ಪುಟವನ್ನೇ ಹಿಡಿದುಕೊಂಡು ಹೋಗಿ ವಾಪಸ್ ಕೇಳಿ, ವಾದ ಮಾಡುವ ಕೆಲಸವೇ ಇರುವುದಿಲ್ಲ. ಮಾಡೆಲ್ ತಡೆಯುವುದಕ್ಕಿಂತ ದೊಡ್ಡ ಕಾರ್ಡ್ ಹಾಕಿದ್ದರೂ ಅಂಕಿ ತಪ್ಪಬಹುದು, ಇಲ್ಲವೇ ಪ್ರಿಂಟರ್ ಶುರುವೇ ಆಗದಿರಬಹುದು.

ಕಾರ್ಡ್ ಬಿಚ್ಚಿದರೆ ಪ್ರಿಂಟರ್ ಸರಿಯಾಗಿ ನಡೆಯುತ್ತದೆ, ಹಾಕಿದರೆ ನಿಲ್ಲುತ್ತದೆ ಅಂದರೆ ಕಾರ್ಡಿನ ಮೇಲೇ ಅನುಮಾನ. ಬಿಚ್ಚಿದರೂ ನಿಲ್ಲುತ್ತದೆ ಅಂದರೆ ಬೇರೆಲ್ಲೋ ಹುಡುಕಬೇಕು. ಎರಡು ಸ್ಲಾಟ್ ಇದ್ದರೆ ಇನ್ನೊಂದಕ್ಕೆ ಹಾಕಿ ನೋಡಿ.

ಹಂತ 4: ಕಂಪ್ಯೂಟರ್‌ಗೂ ಹೇಳಿ

ಪ್ರಿಂಟರ್‌ಗೆ ಗೊತ್ತಾದರೆ ಸಾಲದು. ವಿಂಡೋಸ್‌ನಲ್ಲಿರುವ ಡ್ರೈವರ್ ಇನ್ನೂ ಹಳೆಯ 16 ಎಂಬಿ ಲೆಕ್ಕದಲ್ಲೇ ಇರಬಹುದು.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಬ್ಲೂಟೂತ್ ಅಂಡ್ ಡಿವೈಸಸ್, ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್, ನಿಮ್ಮ ಪ್ರಿಂಟರ್, ಆಮೇಲೆ ಪ್ರಿಂಟರ್ ಪ್ರಾಪರ್ಟೀಸ್. ಹತ್ತಿರದಲ್ಲೇ ಪ್ರಿಂಟಿಂಗ್ ಪ್ರಿಫರೆನ್ಸಸ್ ಅಂತ ಇರುತ್ತದೆ, ಎಲ್ಲರೂ ಅದಕ್ಕೆ ಕ್ಲಿಕ್ ಮಾಡಿ ಕಳೆದುಹೋಗುತ್ತಾರೆ. ನಮಗೆ ಬೇಕಾದ್ದು ಪ್ರಾಪರ್ಟೀಸ್. ಅದರಲ್ಲಿ ಡಿವೈಸ್ ಸೆಟ್ಟಿಂಗ್ಸ್ ಟ್ಯಾಬ್, ಕೆಳಗೆ ಇನ್‌ಸ್ಟಾಲಬಲ್ ಆಪ್ಷನ್ಸ್, ಅಲ್ಲಿ ಪ್ರಿಂಟರ್ ಮೆಮೊರಿ. ಆಟೊಮ್ಯಾಟಿಕ್ ಕಾನ್ಫಿಗರೇಶನ್ ಇದ್ದರೆ ಅಪ್‌ಡೇಟ್ ನೌ ಕೊಡಿ, ಅದೇ ಪ್ರಿಂಟರ್‌ನ್ನು ಕೇಳಿ ತಿದ್ದಿಕೊಳ್ಳುತ್ತದೆ. ಇಲ್ಲದಿದ್ದರೆ ಪಟ್ಟಿಯಿಂದ ನೀವೇ ಆರಿಸಿ. ಕಾನ್ಫಿಗರೇಶನ್ ಪೇಜ್‌ನಲ್ಲಿ ಇರುವುದಕ್ಕಿಂತ ಜಾಸ್ತಿ ಮಾತ್ರ ಹಾಕಬೇಡಿ. ಇಲ್ಲದ ಮೆಮೊರಿ ಇದೆ ಅಂತ ಡ್ರೈವರ್ ನಂಬಿದರೆ ಮೊದಲಿಗಿಂತ ಜಾಸ್ತಿ ರಗಳೆ.

ಪೋಸ್ಟ್‌ಸ್ಕ್ರಿಪ್ಟ್ (ಪುಟ ಹೇಗಿರಬೇಕು ಅಂತ ಪ್ರಿಂಟರ್‌ಗೆ ಹೇಳುವ ಒಂದು ಭಾಷೆ) ಡ್ರೈವರ್ ಆದರೆ ಅದೇ ಟ್ಯಾಬಿನಲ್ಲಿ ಅವೈಲಬಲ್ ಪೋಸ್ಟ್‌ಸ್ಕ್ರಿಪ್ಟ್ ಮೆಮೊರಿ ಅಂತ ಕೆಬಿ ಲೆಕ್ಕದಲ್ಲಿ ಇರುತ್ತದೆ. ಲಿನಕ್ಸ್ ಇಟ್ಟುಕೊಂಡವರು ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್:631 ತೆರೆದು, ಪ್ರಿಂಟರ್ ಆರಿಸಿ, ಸೆಟ್ ಡಿಫಾಲ್ಟ್ ಆಪ್ಷನ್ಸ್ ಒಳಗೆ ನೋಡಬೇಕು. ಕೆಲವು ಹೊಸ ಡ್ರೈವರ್‌ಗಳಲ್ಲಿ ಮೆಮೊರಿ ಅನ್ನುವ ಸಾಲೇ ಇರುವುದಿಲ್ಲ, ಹಾಗಿದ್ದರೆ ಈ ಹಂತ ಬಿಟ್ಟುಬಿಡಿ. ಅಂಗಡಿಯಲ್ಲಿ ಮೂರು ಕಂಪ್ಯೂಟರ್ ಇದ್ದು ಒಂದೊಂದರಲ್ಲೂ ಬೇರೆಬೇರೆ ಡ್ರೈವರ್ ಇದ್ದರೆ ಮೂರರಲ್ಲೂ ನೋಡಬೇಕು.

ಹಂತ 5: ಭಾರ ಹೊರಿಸಿ ನೋಡಿ

ಟೆಸ್ಟ್ ಅಂದ ತಕ್ಷಣ ಜನ ಮಾಡುವುದು ವಿಂಡೋಸ್ ಟೆಸ್ಟ್ ಪೇಜ್. ಅದು 2 ಎಂಬಿ ಪ್ರಿಂಟರ್‌ನಲ್ಲೂ ಚಂದ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಹಿಂದೆ ಕೈ ಕೊಟ್ಟ ಫೈಲೇ ಒಳ್ಳೆಯ ಟೆಸ್ಟ್. ಆ ಹುಡುಗನನ್ನು ಕೇಳಿ ಅವನ 31ನೇ ಪುಟವನ್ನು ಇಟ್ಟುಕೊಂಡಿದ್ದೇನೆ, ಈಗ ನನ್ನ ಅಂಗಡಿಗೆ ಬರುವ ಪ್ರತಿ ಪ್ರಿಂಟರ್‌ಗೂ ಅದೇ ಪರೀಕ್ಷೆ.

ಮೊದಲ ಸುತ್ತು, ಆ ಒಂದು ಪುಟ, ಇರುವುದರಲ್ಲಿ ಅತಿ ಹೆಚ್ಚಿನ ಡಿಪಿಐನಲ್ಲಿ. ಹಿಂದೆ ಅರ್ಧಕ್ಕೆ ನಿಂತದ್ದು ಈಗ ಪೂರ್ತಿ ಒಂದೇ ಹಾಳೆಯಲ್ಲಿ ಬರಬೇಕು. ಎರಡನೆಯ ಸುತ್ತು, ಅಂಥ ಎಂಟ್ಹತ್ತು ಪುಟ ಎರಡೂ ಬದಿ. ಡ್ಯುಪ್ಲೆಕ್ಸ್‌ನಲ್ಲಿ ಒಂದಕ್ಕಿಂತ ಜಾಸ್ತಿ ಪುಟ ಒಟ್ಟಿಗೆ ಮೆಮೊರಿಯಲ್ಲಿ ಕೂರಬೇಕಾಗುತ್ತದೆ, ಕೊರತೆ ಇದ್ದರೆ ಇಲ್ಲಿ ಬಯಲಾಗುತ್ತದೆ. ಮೂರನೆಯ ಸುತ್ತು, ಅದೇ ಫೈಲು ಐದು ಸೆಟ್, ಕೊಲೇಟ್ (ಒಂದು ಸೆಟ್ ಪೂರ್ತಿ ಬಂದ ಮೇಲೆ ಮುಂದಿನದು) ಹಾಕಿ. ಡಿವೈಸ್ ಸೆಟ್ಟಿಂಗ್ಸ್‌ನಲ್ಲಿ ಮೋಪಿಯರ್ ಅಂತ ಇದ್ದರೆ ಎನೇಬಲ್ ಮಾಡಿಕೊಳ್ಳಿ. ಆಗ ಕಂಪ್ಯೂಟರ್ ಒಂದೇ ಸಲ ಕಳಿಸುತ್ತದೆ, ಉಳಿದ ಸೆಟ್ಟುಗಳನ್ನು ಪ್ರಿಂಟರ್ ತನ್ನ ನೆನಪಿನಿಂದ ತೆಗೆಯುತ್ತದೆ.

ಹೊತ್ತು ನೋಡುವಾಗ ಒಂದು ಎಚ್ಚರ. ಮೊದಲ ಪುಟಕ್ಕೆ ಫ್ಯೂಸರ್ (ಟೋನರ್ ಪುಡಿಯನ್ನು ಬಿಸಿಯಿಂದ ಕಾಗದಕ್ಕೆ ಅಂಟಿಸುವ ಭಾಗ) ಬಿಸಿಯಾಗುವ ಹೊತ್ತೂ ಸೇರಿಕೊಳ್ಳುತ್ತದೆ. ಒಂದು ಖಾಲಿ ಪುಟ ಕೊಟ್ಟು ಬಿಸಿ ಮಾಡಿಕೊಂಡು ಆಮೇಲೆ ಮೊಬೈಲ್ ಸ್ಟಾಪ್‌ವಾಚ್ ಒತ್ತಿ. ಬರೀ ಬರಹದ ಫೈಲಿನಲ್ಲಿ ವೇಗ ಹೆಚ್ಚಲಿಲ್ಲ ಅಂತ ಬೇಜಾರು ಬೇಡ. 1320ರ ಇಂಜಿನ್ ನಿಮಿಷಕ್ಕೆ 21 ಎ4 ಹಾಳೆ ಅಂತಲೇ ಕಟ್ಟಿದ್ದು, ಎಷ್ಟು ಮೆಮೊರಿ ತುಂಬಿದರೂ 22 ಆಗುವುದಿಲ್ಲ. ಭಾರದ ಪುಟಗಳ ನಡುವೆ ಪ್ರಿಂಟರ್ ನಿಂತು ನಿಂತು ಉಸಿರು ಬಿಡುತ್ತಿತ್ತಲ್ಲ, ಆ ನಿಲ್ಲುವುದು ಕಮ್ಮಿಯಾಗಬೇಕು. ಮೆಮೊರಿ ಕೊಡುವ ಲಾಭ ಅಷ್ಟೇ.

ನುಡಿ, ಬರಹ ಫಾಂಟುಗಳಲ್ಲಿ ಕೆಲಸ ಮಾಡುವವರು ಇನ್ನೊಂದು ಟೆಸ್ಟ್ ಸೇರಿಸಿಕೊಳ್ಳಿ. ಕನ್ನಡ ಫಾಂಟ್ ಪ್ರಿಂಟರ್‌ನಲ್ಲಿ ಮೊದಲೇ ಇರುವುದಿಲ್ಲ, ಡ್ರೈವರ್ ಅದನ್ನು ಪ್ರಿಂಟರ್‌ನ ಮೆಮೊರಿಗೆ ಇಳಿಸುತ್ತದೆ. ಒಂದೇ ಪುಟದಲ್ಲಿ ಆರೇಳು ಬಗೆಯ ಕನ್ನಡ ಫಾಂಟು, ಒಂದು ಗಣಪತಿ ಚಿತ್ರ, ಸುತ್ತ ಬಳ್ಳಿ ಬಾರ್ಡರ್: ನಮ್ಮ ಲಗ್ನಪತ್ರಿಕೆಯ ಡ್ರಾಫ್ಟ್ ಅಂದರೆ ಇದೇ ತಾನೇ? ಮೆಮೊರಿಗೆ ಇದಕ್ಕಿಂತ ಒಳ್ಳೆ ಪರೀಕ್ಷೆ ಬೇಕಾಗಿಲ್ಲ.

ಈ ಸುತ್ತುಗಳಲ್ಲಿ ಡಿಸ್‌ಪ್ಲೇ ಮೇಲೆ 20 ಇನ್‌ಸಫಿಶಿಯೆಂಟ್ ಮೆಮೊರಿ ಬಂದರೆ ಇನ್ನೂ ಜಾಗ ಸಾಲುತ್ತಿಲ್ಲ ಅಂತ. 21 ಪೇಜ್ ಟೂ ಕಾಂಪ್ಲೆಕ್ಸ್ ಬಂದರೆ ಪುಟವನ್ನು ಇಂಜಿನ್ ವೇಗಕ್ಕೆ ಸರಿಯಾಗಿ ತಯಾರು ಮಾಡಲು ಆಗುತ್ತಿಲ್ಲ. ಪೇಜ್ ಪ್ರೊಟೆಕ್ಟ್ ಅನ್ನುವ ಸೆಟ್ಟಿಂಗ್ ಇದ್ದರೆ ಆನ್ ಮಾಡಿ ಮತ್ತೆ ಕೊಡಿ. ಪುಟ ಪೂರ್ತಿ ಸಿದ್ಧವಾದ ಮೇಲೇ ಪ್ರಿಂಟರ್ ಹಾಳೆ ಎಳೆಯುತ್ತದೆ.

ಮೆಮೊರಿ ಮೇಲೆ ಸುಮ್ನೆ ಗೂಬೆ ಕೂರಿಸಬೇಡಿ

ಜುಲೈನಲ್ಲಿ ಸಕಲೇಶಪುರದ ಕಡೆಯ ಎಸ್ಟೇಟ್ ಆಫೀಸಿನಿಂದ ಒಬ್ಬರು ಫೋನ್ ಮಾಡಿದ್ದರು. "ಸಾರ್, ಮೆಮೊರಿ ಹಾಕಿಸಿದ ಮೇಲೂ ಪುಟದ ಒಂದು ಬದಿ ಮಸುಕು, ಅಕ್ಷರ ಕೈಗೆ ಹತ್ತುತ್ತೆ." ಅದು ಮೆಮೊರಿ ಅಲ್ಲ, ಮಳೆ. ಬಿಚ್ಚಿಟ್ಟ ರೀಮು ತೇವ ಎಳೆದುಕೊಂಡಿತ್ತು. ಹೊಸ ಕಟ್ಟು ಒಡೆದು ಹಾಕಿದರು, ಸರಿಹೋಯಿತು. ಮಸುಕು, ಉದ್ದ ಗೆರೆ, ಒಂದೇ ಅಂತರದಲ್ಲಿ ಮತ್ತೆ ಮತ್ತೆ ಬೀಳುವ ಚುಕ್ಕಿ ಇವೆಲ್ಲ ಕಾಗದ, ಟೋನರ್, ಡ್ರಮ್, ಫ್ಯೂಸರ್ ಕಡೆಯವು. ಎರಡೆರಡು ಹಾಳೆ ಎಳೆಯುವುದು ರೋಲರ್‌ದು. ಅರ್ಥವಿಲ್ಲದ ಅಕ್ಷರಗಳು ಪುಟಗಟ್ಟಲೆ ಸುರಿದರೆ ಮೊದಲು ಡ್ರೈವರ್ ಮತ್ತು ಕೇಬಲ್ ನೋಡಿ.

ಕಾನ್ಫಿಗರೇಶನ್ ಪೇಜ್ ಸರಿಯಾಗಿದೆ, ಬೆಳಗ್ಗೆ ಎಲ್ಲ ಚೆನ್ನ, ಮಧ್ಯಾಹ್ನದ ಹೊತ್ತಿಗೆ ಪ್ರಿಂಟರ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ ಅಂದರೆ ಕಾರ್ಡಿನ ಮೇಲೆ ಅನುಮಾನ ಪಡಿ. ಬಿಸಿಯಾದಾಗ ಮಾತ್ರ ಕೈಕೊಡುವ ಕಾರ್ಡ್‌ಗಳಿವೆ. ಅದಕ್ಕೇ ನಾನು ಹೊಸ ಕಾರ್ಡ್ ಹಾಕಿದ ದಿನ ತುರ್ತು ಕೆಲಸ ಒಪ್ಪಿಕೊಳ್ಳುವುದಿಲ್ಲ. ಬೆಳಗ್ಗೆ ಹಾಕಿ, ಇಡೀ ದಿನ ಅಂಗಡಿ ಕೆಲಸಕ್ಕೇ ಓಡಿಸಿ, ಸಂಜೆ ಅಂಗಡಿ ಮುಚ್ಚುವ ಮೊದಲು, ಪ್ರಿಂಟರ್ ಇನ್ನೂ ಬಿಸಿ ಇರುವಾಗ, 31ನೇ ಪುಟವನ್ನೂ ಕಾನ್ಫಿಗರೇಶನ್ ಪೇಜನ್ನೂ ಮತ್ತೊಂದು ಸಲ ತೆಗೆಯುತ್ತೇನೆ. ಬೆಳಗಿನ ಅಂಕಿಯೇ ಸಂಜೆಯೂ ಬಂದರೆ ಆ ಪುಟ ಮಡಚಿ, ಕಾರ್ಡಿನ ಬಿಲ್ಲಿನ ಜೊತೆ ಪ್ಲಾಸ್ಟಿಕ್ ಕವರಿಗೆ ಹಾಕಿ ಪ್ರಿಂಟರ್‌ನ ಹೊರಬದಿಗೆ ಟೇಪ್ ಹಚ್ಚುತ್ತೇನೆ. ಗಾಳಿ ಹೋಗುವ ಕಿಂಡಿಗೆ ಮಾತ್ರ ಅಡ್ಡ ಬರಬಾರದು.